ಶೇಡಪ್ಪನ ಎಂಟು ಮೂಲೆಯ ನಕ್ಷತ್ರ

ಶೇಡಪ್ಪನಿಗೆ ಕೆಂಪು, ಹಸಿರು ಎರಡೂ ಒಂದೇ ಥರ, ಒದ್ದೆ ಮಣ್ಣಿನ ಹಾಗೆ ಕಾಣುತ್ತಿದ್ದವು. ಇದೇನೂ ಪ್ರಾಣ ಹೋಗುವಂಥ ಕೊರತೆಯಲ್ಲ. ಇಂಥದೇ ಕಣ್ಣಿಟ್ಟುಕೊಂಡು ಹುಟ್ಟಿ, ಓದಿ, ಮದುವೆಯಾಗಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ಯಾರಿಗೂ ಗೊತ್ತಾಗದಂತೆ ತೀರಿಹೋದ ಪುಣ್ಯಾತ್ಮರು ಲೋಕದಲ್ಲಿ ಎಷ್ಟೋ ಮಂದಿ. ಶೇಡಪ್ಪನ ಗ್ರಹಚಾರವೇನೆಂದರೆ, ಅವನು ಇಪ್ಪತ್ತೆರಡು ವರ್ಷಗಳಿಂದ ಪೇಂಟ್ ಅಂಗಡಿಯಲ್ಲಿ ಬಣ್ಣ ಹೊಂದಿಸಿ ಕೊಡುವ ಕೆಲಸದಲ್ಲಿದ್ದ. ಅದಕ್ಕಿಂತ ದೊಡ್ಡ ಗ್ರಹಚಾರ, ಆ ಕೆಲಸದಲ್ಲಿ ಅವನಿಗೆ ಭಾರೀ ಹೆಸರಿತ್ತು. ಅಪ್ಪ ಅಮ್ಮ ಇಟ್ಟ ಹೆಸರನ್ನು ಪೇಂಟರುಗಳು ಎಂದೋ ಅಳಿಸಿ ಅದರ ಮೇಲೆ ಶೇಡಪ್ಪ ಎಂದು ಬಳಿದಿದ್ದರು.

ಅವನ ಗುಟ್ಟು ಬಹಳ ಸರಳ. ಡಬ್ಬದ ಮೇಲೆ ನಂಬರಿರುತ್ತದೆ, ಬಣ್ಣದ ಮಾದರಿ ಅಂಟಿಸಿದ ಶೇಡ್ ಕಾರ್ಡಿನ ಮೇಲೂ ನಂಬರಿರುತ್ತದೆ. ಎರಡು ಸಾವಿರದ ನಾನೂರು ನಂಬರುಗಳನ್ನು ಅವನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದ. ಯಾರಾದರೂ ನಂಬರಿಲ್ಲದ ಗೋಡೆಯ ಚಕ್ಕೆ ತಂದರೆ, "ಇದನ್ನ ಬಿಸಿಲಲ್ಲಿ ನೋಡ್ಬೇಕು" ಎಂದು ಗಂಭೀರವಾಗಿ ಎದ್ದು ಹೊರಗೆ ಹೋಗಿ, ಮೆಟ್ಟಿಲ ಪಕ್ಕ ಕೂತು ಚಪ್ಪಲಿ ಹೊಲಿಯುವವನ ಮುಂದೆ ಹಿಡಿದು, "ಹೇಳು ನೋಡೋಣ, ಇದ್ಯಾವ ಬಣ್ಣ?" ಎನ್ನುತ್ತಿದ್ದ. ಅವನು "ಇಟ್ಟಿಗೆ ಕೆಂಪು" ಎಂದರೆ, "ಪರವಾಗಿಲ್ಲ, ಕಲೀತಿದ್ದೀಯ" ಎಂದು ಬೆನ್ನು ತಟ್ಟಿ, ಒಳಗೆ ಬಂದು ಇಟ್ಟಿಗೆ ಕೆಂಪಿನ ಡಬ್ಬ ಇಳಿಸುತ್ತಿದ್ದ. ಮನೆಯಲ್ಲಿ ಹೆಂಡತಿ ಅವನ ಕಾಲುಚೀಲಗಳ ಒಳಗೆ ದಾರದ ಗಂಟು ಹಾಕಿಡುತ್ತಿದ್ದಳು. ಕೆಂಪಿಗೆ ಒಂದು ಗಂಟು, ಹಸಿರಿಗೆ ಎರಡು. ಗುಟ್ಟು ಗೊತ್ತಿದ್ದದ್ದು ಅವಳೊಬ್ಬಳಿಗೇ.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಹೇಳಲು ಏನೂ ಇರುತ್ತಿರಲಿಲ್ಲ. ಆದರೆ ಹೆಸರು ಬಂದವನಿಗೆ ಬಾಯಿ ಸುಮ್ಮನಿರುವುದಿಲ್ಲ. "ಬಣ್ಣನ ನಾನು ನೋಡೋದಲ್ಲ, ಅದೇ ನನ್ನ ನೋಡಿ ಮಾತಾಡುತ್ತೆ" ಎಂದು ವಾರಕ್ಕೊಮ್ಮೆಯಾದರೂ ಗಿರಾಕಿಗಳ ಮುಂದೆ ಹೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಈ ಮಾತನ್ನು ಒಂದು ದಿನ ಯಜಮಾನರ ಹೆಂಡತಿ ಕೇಳಿಸಿಕೊಂಡರು.

ಯಜಮಾನರು ಪಕ್ಕದ ಬೀದಿಯಲ್ಲಿ ಎರಡನೇ ಅಂಗಡಿ ತೆರೆಯುವವರಿದ್ದರು. ಅದರ ಮೇಲ್ವಿಚಾರಕನ ಕುರ್ಚಿ ಶೇಡಪ್ಪನಿಗೆ ಎಂದು ಆಗಲೇ ಮಾತಾಗಿತ್ತು. ಯಜಮಾನರು ಒಳ್ಳೆಯವರೇ. ಕಿವಿಗಳು ಸ್ವಲ್ಪ ಉದ್ದ, ಮುಂದಿನ ಎರಡು ಹಲ್ಲು ತುಟಿಯ ಮಾತು ಕೇಳುತ್ತಿರಲಿಲ್ಲ, ಅಷ್ಟೇ. ಬೆನ್ನ ಹಿಂದೆ ಬೀದಿಯ ಜನ ತಮ್ಮನ್ನು ಏನೆನ್ನುತ್ತಾರೆಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ಯಾರಾದರೂ ಕಾರಣವಿಲ್ಲದೆ ನಕ್ಕರೆ ಮೊದಲು ಕಿವಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಯಜಮಾನತಿಗೆ ಕೌದಿಯ ಹುಚ್ಚು. ಅವರು ಒಂದು ದೊಡ್ಡ ಚೀಲ ತಂದು ಶೇಡಪ್ಪನ ಮೇಜಿನ ಮೇಲಿಟ್ಟರು. ಒಳಗೆ ಮುಷ್ಟಿಯಗಲದ ಮುನ್ನೂರು ಬಟ್ಟೆ ಚೌಕಗಳು, ಕಟ್ಟು ಕಟ್ಟಾಗಿ.

"ಹೊಸ ಅಂಗಡೀಲಿ ನಿನ್ನ ಕುರ್ಚಿ ಹಿಂದಿನ ಗೋಡೆಗೆ ಕೌದಿ ಹಾಕ್ಬೇಕು ಅಂತಿದ್ದೀನಿ. ಎಂಟು ಮೂಲೆ ನಕ್ಷತ್ರ. ಜೋಡಿಸೋ ಲೆಕ್ಕ ಈ ಕಾಗದದಲ್ಲಿದೆ, ಬಣ್ಣ ಮಾತ್ರ ನೀನೇ ಆರಿಸ್ಬೇಕು."

"ನಾನಾ, ಅಮ್ಮಾ?"

"ಇನ್ಯಾರು? ಈ ಕೆಲಸದಲ್ಲಿ ಲೆಕ್ಕ ಯಾರು ಬೇಕಾದ್ರೂ ಹಾಕ್ತಾರೆ, ಬಣ್ಣ ಎಲ್ಲರ ಕೈಗೂ ಬಗ್ಗಲ್ಲ. ಇದೇ ಲೆಕ್ಕನ ನಾನು ನೀಲಿ ಬಿಳೀಲಿ ಹಾಕ್ದೆ, ನಕ್ಷತ್ರ ಎದ್ದು ನಿಂತ್ಕೊಳ್ತು. ನನ್ನ ತಂಗಿ ಬೂದು ಹಳದೀಲಿ ಹಾಕಿದ್ಲು, ಬರೀ ಕಿಟಕಿ ಸರಳು. ನಮ್ಮ ಅತ್ತಿಗೆ ಕೈ ಹಾಕಿದ್ಲು, ಏನು ಬಂತು ಅಂತ ಇವತ್ತಿಗೂ ಗೊತ್ತಾಗಿಲ್ಲ. ಎಲ್ಲಾದರಲ್ಲೂ ಅವೇ ಚೌಕ, ಅವೇ ಜಾಗ. ಗಾಢ ಬಣ್ಣ ಮುಂದೆ ಬರುತ್ತೆ, ತಿಳಿ ಬಣ್ಣ ಹಿಂದೆ ಸರಿಯುತ್ತೆ. ನಿಂಗೆ ನಾನು ಹೇಳ್ಕೊಡ್ಬೇಕಾ? ನಿನ್ ಜೊತೆ ಬಣ್ಣ ಮಾತಾಡುತ್ತಲ್ಲ."

ಶೇಡಪ್ಪ ಒಂದು ಚೌಕ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದ. ಎಲ್ಲೂ ನಂಬರಿರಲಿಲ್ಲ.

ಆ ಹೊತ್ತಿಗೆ ಹೆಂಡತಿ ಊರಲ್ಲಿರಲಿಲ್ಲ. ಅವಳ ಅಕ್ಕ ಕಾಲು ಮುರಿದುಕೊಂಡು ಮಲಗಿದ್ದರಿಂದ ಹದಿನೈದು ದಿನಕ್ಕೆಂದು ಅಲ್ಲಿಗೆ ಹೋಗಿದ್ದಳು. ಶೇಡಪ್ಪ ಫೋನು ಮಾಡಿದ.

"ಆಗಲ್ಲ ಅಂತ ಹೇಳಿಬಿಡಿ" ಎಂದಳು ಅವಳು.

"ಇಪ್ಪತ್ತೆರಡು ವರ್ಷ ಆದ್ಮೇಲಾ? ಕುರ್ಚಿ ಹೋಗುತ್ತೆ, ಅದರ ಹಿಂದೆ ಕೆಲಸಾನೂ ಹೋಗುತ್ತೆ. ಐವತ್ನಾಲ್ಕರಲ್ಲಿ ನಂಗೆ ಇನ್ಯಾರು ಕೆಲಸ ಕೊಡ್ತಾರೆ?"

"ಹಾಗಾದ್ರೆ ಪಕ್ಕದ ಮನೆ ಮೇಷ್ಟ್ರನ್ನ ಕೇಳಿ, ಬಣ್ಣ ಬಣ್ಣ ಬೇರೆ ಮಾಡಿಕೊಡ್ತಾರೆ."

"ಅವರಿಗೆ ಹೇಳೋದೂ ಒಂದೇ, ಡಂಗುರ ಸಾರೋದೂ ಒಂದೇ."

"ನಾನು ಬರೋತನಕ ಏನೂ ಮುಟ್ಬೇಡಿ" ಎಂದು ಅವಳು ಫೋನಿಟ್ಟಳು. ಅವಳು ಬರುವುದು ಸೋಮವಾರ ಸಂಜೆ. ಅಂಗಡಿ ತೆರೆಯುವುದು ಸೋಮವಾರ ಬೆಳಿಗ್ಗೆ. ಶೇಡಪ್ಪ ಮುಟ್ಟಿದ.

ಅವನ ಕಣ್ಣಿಗೆ ಗಾಢ ಯಾವುದು, ತಿಳಿ ಯಾವುದು ಎಂಬುದು ಮಾತ್ರ ಇತರರಿಗಿಂತ ಚೆನ್ನಾಗಿ ಕಾಣುತ್ತಿತ್ತು. ಯಜಮಾನತಿ ಹೇಳಿದ್ದೂ ಅದನ್ನೇ ಅಲ್ಲವೇ ಎಂದು ಧೈರ್ಯ ತಂದುಕೊಂಡು ಮಂಚ ಗೋಡೆಗೆ ಒರಗಿಸಿ, ನೆಲದ ಮೇಲೆ ದುಪ್ಪಟಿ ಹಾಸಿದ. ಒಂದೊಂದೇ ಕಟ್ಟು ಬಿಚ್ಚಿ, ಗಾಢದ್ದು ಒಂದು ಗುಡ್ಡೆ, ತಿಳಿಯದ್ದು ಒಂದು ಗುಡ್ಡೆ ಮಾಡಿದ. ನಡುವಿನಿಂದ ಜೋಡಿಸುತ್ತ ಬಂದ. ನಡು ಮುಗಿಸಿ, ನಕ್ಷತ್ರದ ಮೇಲಿನ ಎರಡು ಮೂಲೆಗಳನ್ನು ಎಬ್ಬಿಸಿ, ಆಮೇಲೆ ಉಳಿದ ಕಡೆ ಹೋದ. ನಡುವಿಗೂ ಮೇಲಿನ ಮೂಲೆಗಳಿಗೂ ಹೋದ ಮೊದಲ ಕಟ್ಟುಗಳಲ್ಲಿ ಗಾಢ ತಿಳಿ ಎಲ್ಲ ಕೆಂಪು, ಉಳಿದ ಕಡೆ ಹೋದ ಕಟ್ಟುಗಳಲ್ಲಿ ಎಲ್ಲ ಹಸಿರು ಎಂಬುದು ಅವನಿಗೆ ತಿಳಿಯುವಂತಿರಲಿಲ್ಲ. ಹಳದಿ ಅವನಿಗೆ ಚೆನ್ನಾಗಿ ಕಾಣುತ್ತಿತ್ತು. ಇರಲಿ, ಅಂದಕ್ಕೆ ಎಂದು ಎರಡು ಹಳದಿ ಚೌಕಗಳನ್ನು ನಡುವಿನ ಎಡಕ್ಕೊಂದು ಬಲಕ್ಕೊಂದು ಅಳತೆ ಹಿಡಿದು ಕೂರಿಸಿದ. ಕೆಳಗೆ ಒಂದು ಸಾಲು ಬಿಳಿ ಹಾಕಿದ. ನಾಲ್ಕು ದಿನ ಮಂಡಿಯೂರಿ ಕೂತದ್ದಕ್ಕೆ ಅವನ ಕಣ್ಣಿಗೆ ಎಂಟು ಮೂಲೆಯ ನಕ್ಷತ್ರ ಅಚ್ಚುಕಟ್ಟಾಗಿ ಎದ್ದು ಬಂತು. ಅದನ್ನು ನೋಡಿ ಅವನಿಗೆ ತನ್ನ ಮೇಲೇ ಗೌರವ ಹುಟ್ಟಿತು.

ಗುಂಡುಪಿನ್ನು ಚುಚ್ಚಿ ದರ್ಜಿಯ ಹತ್ತಿರ ತೆಗೆದುಕೊಂಡು ಹೋದ. ದರ್ಜಿ ಅದನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಹಣೆಗೇರಿಸಿ ನೋಡಿದ. ಕನ್ನಡಕ ಇಳಿಸಿ ಇನ್ನೊಮ್ಮೆ ನೋಡಿದ.

"ಇದು ನಿಮ್ಮ ಯಜಮಾನರ ಹೊಸ ಅಂಗಡಿಗಾ?"

"ಹೌದು. ನನ್ನ ಕುರ್ಚಿ ಹಿಂದೆ ಬರುತ್ತೆ, ಬಾಗಿಲಿಗೆ ಸರಿಯಾಗಿ."

"ಹೀಗೇ ಹೊಲೀಲಾ?"

"ಒಂದು ಚೌಕ ಆಚೀಚೆ ಆದ್ರೂ ನಾನು ಸುಮ್ನಿರಲ್ಲ."

ದರ್ಜಿ ಒಂದು ಚೀಟಿ ಮುಂದಿಟ್ಟ. "ನಾನು ಹೇಳಿದಂತೆಯೇ ಹೊಲಿಯಲಾಗಿದೆ, ಇದರಲ್ಲಿ ದರ್ಜಿಯ ಪಾತ್ರವೇನೂ ಇಲ್ಲ ಅಂತ ಬರೆದು ಸಹಿ ಹಾಕಿ."

ದೊಡ್ಡ ಕೆಲಸಕ್ಕೆ ಹೀಗೇ ಇರಬೇಕೆಂದು ಶೇಡಪ್ಪ ದೊಡ್ಡದಾಗಿಯೇ ಸಹಿ ಹಾಕಿದ.

ಭಾನುವಾರ ಕೌದಿಯನ್ನು ಮಹಡಿಯ ಹಗ್ಗದ ಮೇಲೆ ಗಾಳಿಗೆ ಹಾಕಿದಾಗ ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕಂಡು, ಹಲ್ಲುಜ್ಜುತ್ತಿದ್ದವರು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಈಚೆ ದಾಟಿ ಬಂದರು. ಬಹಳ ಹೊತ್ತು ನೋಡಿ ಶೇಡಪ್ಪನ ಕೈ ಹಿಡಿದು ಕುಲುಕಿದರು.

"ಇದನ್ನ ನಾಳೆ ಎಲ್ಲರ ಮುಂದೆ ಹಾಕ್ತೀರಾ?"

"ವರ್ತಕರ ಸಂಘದ ಅಧ್ಯಕ್ಷರೇ ಪರದೆ ಎಳೀತಾರೆ."

"ಧೈರ್ಯ ಬೇಕು ರೀ. ಮೂವತ್ತು ವರ್ಷ ಕೆಲಸ ಮಾಡ್ದೆ, ನಮ್ಮ ಹೆಡ್ ಮೇಷ್ಟ್ರ ಬಗ್ಗೆ ನಂಗೂ ಇದೇ ಅಭಿಪ್ರಾಯ ಇತ್ತು. ಹೊಟ್ಟೇಲೇ ಇಟ್ಕೊಂಡು ರಿಟೈರಾದೆ. ನೀವು ಗಂಡಸು." ಮೇಷ್ಟ್ರ ಕಣ್ಣಲ್ಲಿ ನೀರಿತ್ತು. ಕಲೆಯನ್ನು ಬಲ್ಲವರು ಹೀಗೆಯೇ ಒಗಟಾಗಿ ಮಾತಾಡುತ್ತಾರೆಂದು ಶೇಡಪ್ಪ ಸಂತೋಷಪಟ್ಟ.

ಸೋಮವಾರ ಬೆಳಿಗ್ಗೆ ಹೊಸ ಅಂಗಡಿಯಲ್ಲಿ ಎಪ್ಪತ್ತು ಕುರ್ಚಿ ಹಾಕಿದ್ದರು, ಎಪ್ಪತ್ತೂ ತುಂಬಿದ್ದವು. ಅಧ್ಯಕ್ಷರು ಹಗ್ಗ ಎಳೆದರು. ಪರದೆ ಸರಿಯಿತು.

ಅಲ್ಲಿದ್ದ ಎಪ್ಪತ್ತು ಮಂದಿಗೂ ಕಂಡದ್ದು ಕತ್ತೆ. ಹಸಿರು ಹುಲ್ಲುಗಾವಲಿನ ನಡುವೆ ಕೆಂಪು ಬಣ್ಣದ, ಗೋಡೆಯಗಲದ ಕತ್ತೆಯ ಮುಖ. ನಕ್ಷತ್ರದ ಮೇಲಿನ ಎರಡು ಮೂಲೆಗಳು ನೆಟ್ಟಗೆ ನಿಂತ ಕಿವಿಗಳಾಗಿದ್ದವು. ಎರಡು ಹಳದಿ ಕಣ್ಣುಗಳು ಬಾಗಿಲ ಕಡೆ ನೋಡುತ್ತಿದ್ದವು. ಕೆಳಗೆ ಬಿಳಿಯ ಹಲ್ಲುಗಳು ತುಟಿ ಮೀರಿ ಹೊರಗೆ ಬಂದಿದ್ದವು. ಸರಿಯಾಗಿ ಅದರ ಕೆಳಗೆ ಯಜಮಾನರು ನಿಂತಿದ್ದರು. ನೋಡಿದವರಿಗೆ ಹೋಲಿಸಿ ನೋಡುವ ಕಷ್ಟವೂ ಉಳಿಯಲಿಲ್ಲ. ಆ ಎಪ್ಪತ್ತರ ಜೊತೆ ಇದ್ದ ಎಪ್ಪತ್ತೊಂದನೆಯವನು ಶೇಡಪ್ಪ. ಅವನಿಗೊಬ್ಬನಿಗೆ ನಕ್ಷತ್ರ ಕಾಣುತ್ತಿತ್ತು.

ಎಪ್ಪತ್ತು ಜೊತೆ ಕಣ್ಣುಗಳೂ ಗೋಡೆಗೆ ಅಂಟಿಕೊಂಡವು. ಮೆಚ್ಚುಗೆ ಎಂದರೆ ಇದು ಎಂದುಕೊಂಡು ಶೇಡಪ್ಪ ಎದೆಯ ಮೇಲೆ ಕೈ ಕಟ್ಟಿ ನಿಂತ.

ಯಜಮಾನರು ತಿರುಗಿ ನೋಡಿ, ಮೆಲ್ಲಗೆ ಕೇಳಿದರು. "ಇದನ್ನ ಜೋಡಿಸಿದ್ದು ನೀನೇನಾ?"

"ಒಂದೊಂದು ಚೂರೂ ನನ್ನ ಕೈಯಿಂದಲೇ, ಯಜಮಾನ್ರೇ."

"ಅಕಸ್ಮಾತ್ತಾಗಿ ಹೀಗೆ ಬಂತಾ?"

ಶೇಡಪ್ಪನಿಗೆ ನೋವಾಯಿತು. "ಅಕಸ್ಮಾತ್ತಾಗಿ ಇಷ್ಟು ಚೆನ್ನಾಗಿ ಬರುತ್ತಾ? ಬೇಕಂತಲೇ ಮಾಡಿದ್ದು. ನಾಲ್ಕು ದಿನ ಮಂಡಿ ಸವೆಸಿದ್ದೀನಿ."

"ಯಾರನ್ನ ಮನಸ್ಸಲ್ಲಿ ಇಟ್ಕೊಂಡು ಮಾಡ್ದೆ?"

"ಇನ್ಯಾರನ್ನ ಇಟ್ಕೊಳ್ಲಿ? ನಿಮ್ಮನ್ನೇ."

ಯಜಮಾನರ ಕೈ ತಾನಾಗಿ ಕಿವಿಗೆ ಹೋಯಿತು. "ಎಷ್ಟು ದಿನದಿಂದ ಇದೆ ಈ ಭಾವನೆ?"

"ಕೆಲಸಕ್ಕೆ ಸೇರಿದ ದಿನದಿಂದ. ಇಪ್ಪತ್ತೆರಡು ವರ್ಷ ಬಾಯಿಬಿಟ್ಟು ಹೇಳೋಕೆ ಆಗ್ಲಿಲ್ಲ, ಇವತ್ತು ಬಟ್ಟೇಲಿ ಹೇಳಿದ್ದೀನಿ. ನಾನೊಬ್ಬನೇ ಅಲ್ಲ ಯಜಮಾನ್ರೇ, ನಮ್ಮ ಅಂಗಡಿಯ ಪ್ರತಿಯೊಬ್ಬರ ಮನಸ್ಸಲ್ಲೂ ಇದೇ ಇದೆ."

ಅಂಗಡಿಯ ಪ್ರತಿಯೊಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಗುಮಾಸ್ತ ಎರಡು ಹೆಜ್ಜೆ ಸರಿದು ಡಬ್ಬಗಳ ರಾಶಿಗೆ ತಾಗಿದ.

ಹಿರಿಯರೆನಿಸಿಕೊಂಡ ಮೇಲೆ ನಡುವೆ ಬರಲೇಬೇಕೆಂದು ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಅಲ್ಲಪ್ಪಾ, ಅಂಗಡಿಗೆ ಬರೋ ಜನ ಇದನ್ನ ನೋಡಿ ಏನಂದ್ಕೊಳ್ತಾರೆ?"

"ತಿಳಿದೋರು ಮೆಚ್ತಾರೆ ಸಾರ್. ತಿಳೀದೇ ಇರೋರ ಮಾತು ಬಿಡಿ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ" ಎಂದ ಶೇಡಪ್ಪ.

ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಿಂದ ಒಂದು ಸದ್ದು ಹೊರಡಿಸಿದರು. ಆಮೇಲೆ ಎಪ್ಪತ್ತು ಕುರ್ಚಿಗಳೂ ಅಲುಗಾಡಿದವು. ಅಧ್ಯಕ್ಷರು ಕರವಸ್ತ್ರ ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿ, ಅಲ್ಲಿ ಮತ್ತೆ ಕತ್ತೆಯನ್ನೇ ಕಂಡು ಕೂತುಬಿಟ್ಟರು. ಯಜಮಾನರ ಕಿವಿಗಳು ಕೆಂಪಗಾದವೆಂದು ಆಮೇಲೆ ಎಲ್ಲರೂ ಹೇಳಿದರು. ಶೇಡಪ್ಪನಿಗೆ ಅದೂ ಕಾಣಲಿಲ್ಲ.

ಕೊನೆಗೆ ವಿಷಯ ತಿಳಿಸಿದ್ದು ಯಜಮಾನತಿ. "ನಾನು ನಿಂಗೇನು ಅನ್ಯಾಯ ಮಾಡಿದ್ದೆ? ನಕ್ಷತ್ರ ಮಾಡು ಅಂತ ಬಟ್ಟೆ ಕೊಟ್ರೆ ನನ್ನ ಗಂಡನ್ನ ಕತ್ತೆ ಮಾಡಿ ಗೋಡೆಗೆ ನೇತುಹಾಕಿದ್ಯಲ್ಲ" ಎಂದು ಅವರು ಅತ್ತರು.

ಶೇಡಪ್ಪ ಕೌದಿ ನೋಡಿದ. ಕಣ್ಣು ಕಿರಿದು ಮಾಡಿ ನೋಡಿದ, ತಲೆ ಓರೆ ಮಾಡಿ ನೋಡಿದ. ನಕ್ಷತ್ರವೇ ಕಂಡಿತು. ಅತ್ತ ದರಿ, ಇತ್ತ ಪುಲಿ. ಕತ್ತೆ ಬೇಕೆಂದೇ ಮಾಡಿದ್ದು ಎಂದರೆ ಕೆಲಸ ಹೋಗುತ್ತದೆ. ಬಣ್ಣ ಕಾಣುವುದಿಲ್ಲ ಎಂದರೂ ಹೋಗುತ್ತದೆ. ಎರಡನೆಯದರಲ್ಲಿ ಮಾನವಾದರೂ ಉಳಿಯಬಹುದೆಂದು, ಹೆಂಡತಿಗೆ ಬಿಟ್ಟು ಯಾರಿಗೂ ಹೇಳದ ಮಾತನ್ನು ಎಪ್ಪತ್ತು ಮಂದಿಯ ಮುಂದೆ ಹೇಳಿದ.

"ನಂಗೆ ಕೆಂಪು ಹಸಿರು ಗೊತ್ತಾಗಲ್ಲ. ಹುಟ್ಟಿದಾಗಿಂದ."

ಮತ್ತೆ ನಗು. ಈ ಸಲವೂ ಯಜಮಾನರು ಮಾತ್ರ ನಗಲಿಲ್ಲ. ಅವರು ಹತ್ತಿರ ಬಂದು, "ನೋಡು, ಇದು ನಿಜ ಆಗಿದ್ರೆ ನಿನ್ನ ಮೇಲೆ ನಂಗೇನೂ ಕೋಪ ಇಲ್ಲ. ಗೋಡೌನಲ್ಲಿ ಡಬ್ಬ ಎಣಿಸ್ಕೊಂಡು ಇರು, ನಿವೃತ್ತಿ ತನಕ ಸಾಕ್ತೀನಿ. ಸುಳ್ಳಾದ್ರೆ ಮಾತ್ರ ಈ ಬೀದೀಲಿ ಕಾಲಿಡ್ಬೇಡ" ಎಂದರು.

ಶೇಡಪ್ಪನಿಗೆ ಹೋದ ಜೀವ ಬಂದಂತಾಯಿತು. ಜೀವಮಾನದಲ್ಲಿ ಮೊದಲ ಸಲ ಅವನು ಪರೀಕ್ಷೆಯೊಂದರಲ್ಲಿ ಫೇಲಾಗಬೇಕಿತ್ತು, ಫೇಲಾಗುವುದಕ್ಕೆ ಬೇಕಾದ ಸಕಲ ಅರ್ಹತೆಯೂ ಅವನಲ್ಲಿತ್ತು.

ಅಧ್ಯಕ್ಷರು, ಅವನು ಮರಳಿಸಲು ತಂದಿದ್ದ ಚೀಲದಲ್ಲಿ ಉಳಿದಿದ್ದ ಚೂರುಗಳಿಂದ ಒಂದೇ ಗಾಢತೆಯ ಒಂದು ಕೆಂಪು, ಒಂದು ಹಸಿರು ತೆಗೆದು, ಬೆನ್ನ ಹಿಂದೆ ಅದಲು ಬದಲು ಮಾಡಿ ಎರಡು ಕೈಯಲ್ಲಿ ಹಿಡಿದರು. "ಕೆಂಪು ಯಾವುದು?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅನ್ನೋ ಹಾಗಿಲ್ಲ. ಏನಾದ್ರೂ ಒಂದು ಹೇಳ್ಬೇಕು."

"ಎಡಗೈ."

ಸರಿಯಾಗಿತ್ತು. ಎರಡನೇ ಸಲ ಬಲಗೈ ಎಂದ, ಸರಿಯಾಗಿತ್ತು. ಮೂರನೇ ಸಲ ಮತ್ತೆ ಬಲಗೈ ಎಂದ, ಅದೂ ಸರಿಯಾಗಿತ್ತು. ಶೇಡಪ್ಪನ ಹಣೆಯಲ್ಲಿ ಬೆವರೊಡೆಯಿತು. ಮೊದಲು ಬಾಯಿಗೆ ಬಂದದ್ದೆಲ್ಲ ಸರಿಯಾಗುತ್ತಿದೆ, ಆದ್ದರಿಂದ ತಿರುಗಿಸಿ ಹೇಳಬೇಕೆಂದು ಉಪಾಯ ಮಾಡಿ, "ಎಡಗೈ, ಅಲ್ಲ ಅಲ್ಲ, ಬಲಗೈ" ಎಂದ. ಕೆಂಪು ಬಲಗೈಯಲ್ಲೇ ಇತ್ತು. ತಪ್ಪು ಹೇಳಬೇಕಾದರೂ ಸರಿ ಯಾವುದೆಂದು ಗೊತ್ತಿರಬೇಕು, ಅದು ಗೊತ್ತಿಲ್ಲದವನು ಏನು ತಾನೇ ಮಾಡಿಯಾನು? ಹೀಗೆ ಏಳು ಸಲ ಕೇಳಿದರು, ಏಳು ಸಲವೂ ಸರಿಯಾಯಿತು. ಇಪ್ಪತ್ತೆರಡು ವರ್ಷ ಅವನನ್ನು ಕಾಪಾಡಿಕೊಂಡು ಬಂದಿದ್ದ ಅದೃಷ್ಟ ಅಂದೂ ಕೈಬಿಡಲಿಲ್ಲ.

"ಸಾಕ್ಷಿ ಇದೆ" ಎಂದು ಶೇಡಪ್ಪ ಹಳೇ ಅಂಗಡಿಯ ಬೀದಿಗೆ ಓಡಿ, ಚಪ್ಪಲಿ ಹೊಲಿಯುವವನನ್ನು ಕೈಹಿಡಿದು ಎಳೆದುಕೊಂಡು ಬಂದ. "ಹೇಳಪ್ಪಾ, ನಾನು ದಿನಾ ನಿನ್ ಹತ್ರ ಬಂದು ಬಣ್ಣ ಕೇಳ್ತಿರಲಿಲ್ವಾ?"

ಅವನು ಯಜಮಾನರ ಮುಖ ನೋಡಿದ, ಶೇಡಪ್ಪನ ಬೆವರು ನೋಡಿದ. ತನಗೆ ಇಷ್ಟು ವರ್ಷ ಮರ್ಯಾದೆ ಕೊಟ್ಟ ಮನುಷ್ಯನಿಗೆ ಏನೋ ಕಷ್ಟ ಬಂದಿದೆ, ಇವತ್ತು ಕಾಪಾಡಬೇಕಾದದ್ದು ತಾನು ಎಂಬುದಷ್ಟೇ ಅವನಿಗೆ ತಿಳಿಯಿತು.

"ಕೇಳ್ತಿದ್ರು ಸ್ವಾಮಿ. ನಂಗೆ ಕಲಿಸೋಕೆ ಕೇಳ್ತಿದ್ರು. ತಪ್ಪು ಹೇಳಿದ್ರೆ ತಕ್ಷಣ ಗೊತ್ತಾಗ್ತಿತ್ತು ಇವರಿಗೆ. ಬಣ್ಣದ ವಿಷಯದಲ್ಲಿ ಇವರಂಥ ಕಣ್ಣು ಇನ್ನೊಂದಿಲ್ಲ, ನನ್ನ ಮಕ್ಕಳಾಣೆ" ಎಂದು ಕೈಮುಗಿದ. ಹಿಂದಿನಿಂದ ದರ್ಜಿ ಬಂದು ಚೀಟಿ ಕೊಟ್ಟ. ಯಜಮಾನರು ಓದಿದರು, ಸಹಿ ನೋಡಿದರು.

"ಕುರುಡ ಅಂತ ಗೊತ್ತಾಗಿದ್ರೆ ಇಟ್ಕೊಳ್ತಿದ್ದೆ. ನೀನು ಕುರುಡನೂ ಅಲ್ಲ" ಎಂದು ಹೇಳಿ ಅವರು ಕೌದಿಯನ್ನು ಗೋಡೆಯಿಂದ ಕಿತ್ತು ಅವನ ಹೆಗಲಿಗೆ ಹಾಕಿದರು. ಕುರ್ಚಿ ಅಲ್ಲಿಯೇ ಖಾಲಿಯಾಗಿ ಉಳಿಯಿತು.

ಸಂಜೆ ಹೆಂಡತಿ ಬಂದಾಗ ಶೇಡಪ್ಪ ಕಾಲುಚೀಲವನ್ನೂ ಬಿಚ್ಚದೆ ಕೂತಿದ್ದ. ಕೌದಿ ಎದುರಿನ ಮಂಚದ ಮೇಲೆ ಹರಡಿತ್ತು. ಅವಳು ಬಾಗಿಲಲ್ಲೇ ನಿಂತು ಅದನ್ನು ನೋಡಿ, ಬ್ಯಾಗು ಕೆಳಗಿಟ್ಟಳು. ಅವನು ಎಲ್ಲವನ್ನೂ ಹೇಳಿದ. ಅವಳಿಗೆ ನಗು ಬರಲಿಲ್ಲ.

"ನಿಂಗೂ ಕಾಣುತ್ತಾ?" ಎಂದು ಕೇಳಿದ.

ಅವಳು ಅವನ ತೋರುಬೆರಳು ಹಿಡಿದು ಬಟ್ಟೆಯ ಮೇಲೆ ಎಳೆದಳು. "ಇದು ಒಂದು ಕಿವಿ. ಇದು ಇನ್ನೊಂದು. ಹೀಗೆ ಬಂದ್ರೆ ಕೆನ್ನೆ. ಇದು ಹಲ್ಲು."

"ಹೋಲುತ್ತಾ?"

ಅವಳು ಬಟ್ಟೆಯ ಒಂದು ಮಡಿಕೆ ಸರಿಮಾಡಿದಳು. "ತುಂಬಾ" ಎಂದಳು.

ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಊರಿನಲ್ಲಿ ಬೇರೆ ಪೇಂಟ್ ಅಂಗಡಿಗಳಿದ್ದವು, ಅಲ್ಲೆಲ್ಲ ಇಷ್ಟು ಹೊತ್ತಿಗೆ ಕತ್ತೆಯ ಸುದ್ದಿ ಮುಟ್ಟಿರುತ್ತದೆ. ಹೊರಗೆ ಬೆಳಕು ಇಳಿಯುತ್ತಿತ್ತು. ಯಾರೂ ದೀಪ ಹಾಕಲಿಲ್ಲ. ಕೋಣೆಯಲ್ಲಿ ಮೊದಲು ಬಾಗಿಲಿನ ಬಣ್ಣ ಹೋಯಿತು, ಆಮೇಲೆ ದುಪ್ಪಟಿಯದು. ಹೆಂಡತಿ ಬರಿಗೈಯಿಂದಲೇ ಕಣ್ಣೊರೆಸಿಕೊಂಡು ಕೌದಿಯ ಕಡೆ ನೋಡಿದವಳು ಮುಂದಕ್ಕೆ ಬಾಗಿದಳು.

"ರೀ, ಇಲ್ಲಿ ನಕ್ಷತ್ರ ಇದೆ."

"ನಾನು ಬೆಳಿಗ್ಗೆಯಿಂದ ಹೇಳ್ತಾನೇ ಇದ್ದೀನಿ."

"ಒಂದು, ಎರಡು, ಮೂರು..." ಅವಳು ಬೆರಳಿಟ್ಟು ಎಣಿಸಿದಳು. "ಎಂಟೂ ಇದೆ. ಒಂದು ಮೂಲೆ ಕೂಡ ಸೊಟ್ಟಗಿಲ್ಲ. ಎಷ್ಟು ಚೆನ್ನಾಗಿ ಮಾಡಿದ್ದೀರಿ." ಬಣ್ಣಗಳೆಲ್ಲ ಇಳಿದು, ಬರೀ ಗಾಢ ಮತ್ತು ತಿಳಿ ಉಳಿದಿದ್ದ ಆ ಮಬ್ಬಿನಲ್ಲಿ ಅವಳಿಗೂ ಗಂಡನಿಗೆ ಕಾಣುವುದೇ ಕಾಣುತ್ತಿತ್ತು. ಮದುವೆಯಾಗಿ ಇಷ್ಟು ವರ್ಷಕ್ಕೆ ಇಬ್ಬರೂ ಒಂದೇ ವಸ್ತುವನ್ನು ನೋಡಿದ್ದು ಅದೇ ಮೊದಲು.

"ಯಜಮಾನರನ್ನ ಈಗ ಕರೆದು ತೋರಿಸೋಣ್ವಾ?" ಎಂದಳು.

"ಕತ್ತಲಲ್ಲಿ ಬಣ್ಣ ತೋರಿಸ್ತೀನಿ ಬನ್ನಿ ಅಂತ ಪೇಂಟ್ ಅಂಗಡಿಯವರನ್ನ ಹೇಗೆ ಕರೆಯೋದೇ?"

ಅವಳು ಉತ್ತರ ಹೇಳುವ ಮೊದಲೇ ಬಾಗಿಲು ತೆರೆದುಕೊಂಡು ಡ್ರಾಯಿಂಗ್ ಮೇಷ್ಟ್ರು ಒಳಗೆ ಬಂದರು. ಅವರ ಹಿಂದೆ ಅವರ ಹಳೆಯ ಸಹೋದ್ಯೋಗಿಗಳು ಮೂವರು ಇದ್ದರು.

"ಇಂಥ ಮನುಷ್ಯ ಕತ್ತಲಲ್ಲಿ ಕೂತಿರಬಾರದು" ಎಂದು ಮೇಷ್ಟ್ರು ಗೋಡೆ ತಡವಿ ಸ್ವಿಚ್ಚು ಒತ್ತಿದರು. "ನೋಡಿ, ನಾನು ಹೇಳ್ಲಿಲ್ವಾ? ಕಿವಿ ನೋಡಿ, ಕಿವಿ."

ಶೇಡಪ್ಪ ಕೌದಿಯನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ. ಅವಳು ನಕ್ಷತ್ರದ ಎಂಟನೆಯ ಮೂಲೆಯ ಮೇಲಿಟ್ಟಿದ್ದ ಬೆರಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಬಂದವರಿಗೆ ಕೂರಲು ಜಾಗ ಮಾಡಿದಳು.